ಹೊಸ ರೂಬಿ ಬರುವ ಮುನ್ನ ನಾವು ಮಾಡಬೇಕಾದ ಕೆಲಸ



ಪ್ರತಿ ವರ್ಷ ಸೆಪ್ಟೆಂಬರ್ 1 ಬಂತೆಂದರೆ ನಮ್ಮ ಮಕ್ಕಳು ಶಾಲೆಯಲ್ಲಿ ಭೂಕಂಪದ ಅಣಕು ಅಭ್ಯಾಸ ಮಾಡುತ್ತಾರೆ. ಗಂಟೆ ಬಾರಿಸಿದೊಡನೆ ಮೇಜಿನ ಕೆಳಗೆ ಸೇರುವುದು, ತಲೆಗೆ ರಕ್ಷೆ ಧರಿಸುವುದು, ಸಾಲಾಗಿ ಮೈದಾನಕ್ಕೆ ನಡೆಯುವುದು, ಇವೆಲ್ಲವೂ ಅವರಿಗೆ ಅಭ್ಯಾಸವಾಗಿ ಹೋಗಿವೆ. 1923ರ ಮಹಾ ಕಾಂತೋ ಭೂಕಂಪ ಸಂಭವಿಸಿದ ದಿನವದು. 1960ರಿಂದ ಜಪಾನ್ ಸರ್ಕಾರ ಅದನ್ನು ವಿಪತ್ತು ನಿವಾರಣಾ ದಿನವೆಂದು ಆಚರಿಸುತ್ತ ಬಂದಿದೆ. ಮುಂದಿನ ಭೂಕಂಪ ಎಂದು ಬರುವುದೆಂಬುದನ್ನು ಬಲ್ಲವರಿಲ್ಲ. ಆದರೂ ಅಭ್ಯಾಸ ತಪ್ಪುವುದಿಲ್ಲ.

ತಂತ್ರಾಂಶದ ಲೋಕದಲ್ಲಿ ಒಂದು ಕಂಪನದ ದಿನಾಂಕ ಮಾತ್ರ ನಮಗೆ ವರ್ಷ ಮೊದಲೇ ತಿಳಿದಿರುತ್ತದೆ. ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿ ಪ್ರತಿ ವರ್ಷ ಡಿಸೆಂಬರ್ 25ರಂದು ಹೊರಬರುತ್ತದೆ. ದಿನಾಂಕ ತಿಳಿಯದ ಆಪತ್ತಿಗೆ ಸಿದ್ಧರಾಗುವ ನಾಡಿನಲ್ಲಿದ್ದುಕೊಂಡು, ದಿನಾಂಕ ತಿಳಿದಿರುವ ಬದಲಾವಣೆಗೆ ನಾವು ಸಿದ್ಧರಾಗುತ್ತಿಲ್ಲ. ಈ ಲೇಖನದ ಉದ್ದೇಶ ಅದನ್ನು ಒಪ್ಪಿಕೊಳ್ಳುವುದು, ಮತ್ತು ಈ ವರ್ಷದಿಂದ ನಡೆದುಕೊಳ್ಳಬೇಕಾದ ರೀತಿಯನ್ನು ತಮ್ಮ ಮುಂದಿಡುವುದು.

ಈ ವೃತ್ತಿಯಲ್ಲಿಲ್ಲದ ಸದಸ್ಯರಿಗಾಗಿ ಎರಡು ಮಾತು. ಲೈಬ್ರರಿ ಎಂದರೆ ಇಲ್ಲಿ ಪುಸ್ತಕಾಲಯವಲ್ಲ. ಒಬ್ಬರು ಬರೆದಿಟ್ಟು ಹಲವರು ಬಳಸುವ ಸಿದ್ಧ ಸಂಕೇತಗಳ ಕಟ್ಟು. ಅದು ಒಂದು ಪ್ರೋಗ್ರಾಮಿಂಗ್ ಭಾಷೆಯ ಮೇಲೆ ನಿಂತಿರುತ್ತದೆ. ಭಾಷೆ ಬದಲಾದರೆ ಲೈಬ್ರರಿಯ ಒಂದಕ್ಷರವೂ ಬದಲಾಗದೆ ಅದು ಕೆಡಬಹುದು. ನಮ್ಮಲ್ಲಿ ಅನೇಕರು ಊರಿನಿಂದ ಮಿಕ್ಸಿ ಹೊತ್ತು ತಂದು ಇಲ್ಲಿನ ಗೋಡೆಗೆ ಚುಚ್ಚಿ ನೋಡಿದವರೇ. ಊರಿನಲ್ಲಿ 230 ವೋಲ್ಟ್, ಇಲ್ಲಿ 100. ಮಿಕ್ಸಿಯೂ ಸರಿ, ಗೋಡೆಯ ವಿದ್ಯುತ್ತೂ ಸರಿ, ಚಟ್ನಿ ಮಾತ್ರ ನುಣ್ಣಗಾಗುವುದಿಲ್ಲ. ಅತಿಥಿಗಳು ಬಾಗಿಲಲ್ಲಿ ನಿಂತಾಗ ಅದನ್ನು ಕಂಡುಕೊಳ್ಳುವುದೋ, ಹಿಂದಿನ ವಾರವೇ ಚುಚ್ಚಿ ನೋಡುವುದೋ ಎಂಬುದಷ್ಟೇ ಪ್ರಶ್ನೆ.

ನಾವು ಅತಿಥಿಗಳು ಬಾಗಿಲಲ್ಲಿ ನಿಂತಾಗಲೇ ಕಂಡುಕೊಂಡೆವು. 2025ರ ಜನವರಿಯ ಮೂರನೆಯ ಭಾನುವಾರ ನಮ್ಮ ಸಂಕ್ರಾಂತಿ ಕೂಟವಿತ್ತು. ಹೊಸ ವರ್ಷದ ರಜೆಯಲ್ಲಿ ಬಿಡುವಿತ್ತೆಂದು ನಮ್ಮ ಸ್ವಯಂಸೇವಕರು ಜಾಲತಾಣವನ್ನು ಆಗಷ್ಟೇ ಬಂದಿದ್ದ ರೂಬಿ 3.4ಕ್ಕೆ ಏರಿಸಿದ್ದರು. ಮುಖಪುಟ ತೆರೆಯಿತು, ಚಿತ್ರಗಳು ಕಂಡವು. ಎಲ್ಲವೂ ಸರಿಯಿದೆಯೆಂದು ಭಾವಿಸಿದೆವು. ಕೂಟದ ಹಿಂದಿನ ರಾತ್ರಿ ನೋಂದಣಿಯ ಪಟ್ಟಿಯನ್ನು ತೆಗೆಯಲು ಹೋದರೆ ಪಟ್ಟಿಯನ್ನು ಓದುವ ಭಾಗವೇ ನಿಂತುಹೋಗಿತ್ತು. ಹೆಸರುಗಳನ್ನು ಕೈಯಲ್ಲಿ ನಕಲು ಮಾಡಿಕೊಂಡೆವು. ಆ ಅವಸರದಲ್ಲಿ ಕೊನೆಯ ಅಂಕಣವನ್ನು ಬಿಟ್ಟೆವು. ಯಾರಿಗೆ ಯಾವ ಆಹಾರ ಒಗ್ಗುವುದಿಲ್ಲವೆಂಬ ವಿವರ ಇದ್ದುದು ಆ ಅಂಕಣದಲ್ಲಿಯೇ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆಗಳ ಜೊತೆ ಕಡಲೆಕಾಯಿ ಬೀಜವೂ ಬೆರೆತ ಪೊಟ್ಟಣವೊಂದು, ಕಡಲೆಕಾಯಿ ತಿನ್ನಬಾರದ ಒಂದು ಮಗುವಿನ ಕೈ ಸೇರಿತು. ಬಿಚ್ಚುವ ಮೊದಲೇ ಆ ತಾಯಿ ಕಂಡರು. ಅನಾಹುತವಾಗಲಿಲ್ಲ. ಆದರೆ ಅದನ್ನು ತಡೆದವರು ಆ ತಾಯಿ, ನಮ್ಮ ವ್ಯವಸ್ಥೆಯಲ್ಲ.

ಮರುದಿನ ಕಾರಣ ಹುಡುಕಿದೆವು. ಪಟ್ಟಿಗಳನ್ನು ಓದುವ ಸಿಎಸ್‌ವಿ ಎಂಬ ಲೈಬ್ರರಿ ಅದುವರೆಗೆ ರೂಬಿಯೊಡನೆ ತಾನಾಗಿ ದೊರೆಯುತ್ತಿತ್ತು. 3.4ರಿಂದ ಅದನ್ನು ಬಳಸುವವರು ತಮ್ಮ ಅವಲಂಬನೆಗಳ ಪಟ್ಟಿಯಲ್ಲಿ ಹೆಸರಿಸಿ ತರಿಸಿಕೊಳ್ಳಬೇಕು. ಒಂದು ಸಾಲು ಸೇರಿಸಿದ್ದರೆ ಮುಗಿಯುತ್ತಿತ್ತು. ನಮ್ಮನ್ನು ನಾಚಿಸಿದ್ದು ಬೇರೆ ಸಂಗತಿ: ಹಿಂದಿನ ಆವೃತ್ತಿಯಾದ 3.3, ಮುಂದಿನ ಆವೃತ್ತಿಯಲ್ಲಿ ಸಿಎಸ್‌ವಿ ತಾನಾಗಿ ದೊರೆಯುವುದಿಲ್ಲವೆಂದೂ ಪಟ್ಟಿಗೆ ಸೇರಿಸಿಕೊಳ್ಳಬೇಕೆಂದೂ ಎಚ್ಚರಿಕೆಯ ಸಂದೇಶ ನೀಡುತ್ತಲೇ ಇತ್ತು. ಆ ಸಂದೇಶ ನಮ್ಮ ದಾಖಲೆಗಳಲ್ಲಿ ತಿಂಗಳುಗಟ್ಟಲೆ ಬಿದ್ದಿತ್ತು. ಓದಿದವರು ಯಾರೂ ಇರಲಿಲ್ಲ. ಆದ್ದರಿಂದ ಭಾಷೆಯನ್ನು ರೂಪಿಸಿದವರನ್ನು ದೂರುವ ಹಕ್ಕು ನಮಗಿಲ್ಲ.

ರೂಬಿ ನಮಗೆ ದೂರದ ಭಾಷೆಯೂ ಅಲ್ಲ. ಇದನ್ನು ರೂಪಿಸಿದ ಯುಕಿಹಿರೊ ಮತ್ಸುಮೊತೊ ಅವರು ಶಿಮಾನೆ ಪ್ರಾಂತ್ಯದ ಮತ್ಸುಎ ನಗರದಲ್ಲಿ ನೆಲೆಸಿದವರು. 1993ರಲ್ಲಿ ಅವರು ಆರಂಭಿಸಿದ ಈ ಭಾಷೆ 1995ರ ಡಿಸೆಂಬರಿನಲ್ಲಿ ಸಾರ್ವಜನಿಕರ ಕೈಸೇರಿತು. ಮತ್ಸುಎ ನಗರ ಅದನ್ನು ತನ್ನ ಹೆಮ್ಮೆಯೆಂದು ಭಾವಿಸಿ, 2009ರಿಂದ ರೂಬಿವರ್ಲ್ಡ್ ಸಮ್ಮೇಳನಕ್ಕೆ ಆಶ್ರಯ ನೀಡುತ್ತ ಬಂದಿದೆ. ನಮ್ಮ ಸದಸ್ಯರಲ್ಲಿ ಹಲವರ ಅನ್ನ ಈ ಭಾಷೆಯಿಂದ ಬರುತ್ತದೆ. ಉಳಿದವರೂ ರೂಬಿಯಲ್ಲಿ ಬರೆದ ಯಾವುದಾದರೊಂದು ಸೇವೆಯನ್ನು ತಿಳಿದೋ ತಿಳಿಯದೆಯೋ ಬಳಸುತ್ತಿರಬಹುದು.

ಹೊಸ ಆವೃತ್ತಿ ಡಿಸೆಂಬರ್ 25ರಂದು ಒಮ್ಮೆಲೇ ಆಕಾಶದಿಂದ ಇಳಿಯುವುದಿಲ್ಲ. ಅದಕ್ಕೆ ಮುನ್ನ ಪ್ರಿವ್ಯೂ ಎಂಬ ಹೆಸರಿನ ಪೂರ್ವಭಾವಿ ಆವೃತ್ತಿಗಳೂ, ಡಿಸೆಂಬರಿನಲ್ಲಿ ಸಾಮಾನ್ಯವಾಗಿ ಕೊನೆಯ ಪರೀಕ್ಷಾರ್ಥ ಆವೃತ್ತಿಯೂ ಹೊರಬರುತ್ತವೆ. 3.4ರ ಮೊದಲ ಪ್ರಿವ್ಯೂ 2024ರ ಮೇ ತಿಂಗಳಲ್ಲಿಯೂ, ಎರಡನೆಯದು ಅಕ್ಟೋಬರಿನಲ್ಲಿಯೂ ಬಂದಿದ್ದವು. ಅಂದರೆ ನಮಗೆ ಏಳು ತಿಂಗಳ ಕಾಲಾವಕಾಶವಿತ್ತು. ಈ ಅವಧಿ ಮುಖ್ಯವೆನ್ನಲು ಕಾರಣವಿದೆ. ಪ್ರಿವ್ಯೂ ಕಾಲದಲ್ಲಿ ತೋರಿಸಿಕೊಟ್ಟ ದೋಷವನ್ನು ತಿದ್ದುವುದು ಸುಲಭ. ಬದಲಾವಣೆಯೊಂದು ಅತಿಯಾಯಿತೆನಿಸಿದರೆ ಅದನ್ನು ಹಿಂತೆಗೆದುಕೊಳ್ಳುವುದಕ್ಕೂ ಆಗ ಅವಕಾಶವುಂಟು. 25ರ ನಂತರ ಅದೇ ವರ್ತನೆಯನ್ನು ನಂಬಿ ಲೋಕದ ತುಂಬ ಸಂಕೇತಗಳು ಬರೆಯಲ್ಪಡುತ್ತವೆ. ಬಳಿಕ ತಿದ್ದಲು ಹೊರಟರೆ ಬೇರೆ ಯಾರದೋ ಕೆಲಸ ಕೆಡುತ್ತದೆ.

ನಮ್ಮ ಕೂಟಕ್ಕೂ ಒಂದು ಲೈಬ್ರರಿ ಇದೆ. ಕನ್ನಡ ತರಗತಿಯ ಮಕ್ಕಳ ಪದಬಂಧಕ್ಕಾಗಿ ಸದಸ್ಯರೊಬ್ಬರು ಹಿಂದೆ ಬರೆದುಕೊಟ್ಟದ್ದು. ಪದವೊಂದನ್ನು ಕೊಟ್ಟರೆ ಅದನ್ನು ಅಕ್ಷರಗಳಾಗಿ ಬಿಡಿಸಿ ಚೌಕಗಳಲ್ಲಿ ಕೂರಿಸುವುದೇ ಅದರ ಕೆಲಸ. ಇದು ಸುಲಭವೆಂದು ತೋರಬಹುದು. ‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆಯೆಂದು ಮೊದಲನೆಯ ತರಗತಿಯ ಮಗುವನ್ನು ಕೇಳಿದರೆ ಮೂರು ಎನ್ನುತ್ತದೆ. ರೂಬಿಯನ್ನು ಪದದ ಉದ್ದವೆಷ್ಟೆಂದು ಕೇಳಿದರೆ ಐದು ಎನ್ನುತ್ತದೆ. ಏಕೆಂದರೆ ಯೂನಿಕೋಡಿನಲ್ಲಿ ಕ, ನ, ಹಲಂತದ ಚಿಹ್ನೆ, ಮತ್ತೊಂದು ನ, ಡ ಎಂದು ಐದು ಸಂಕೇತಗಳಿವೆ. ಕಣ್ಣಿಗೆ ಕಾಣುವ ಗುಂಪುಗಳನ್ನು ಎಣಿಸೆಂದರೆ, ಯೂನಿಕೋಡಿನ ಬಹುಕಾಲದ ನಿಯಮದಂತೆ ಕ, ನ್, ನ, ಡ ಎಂದು ನಾಲ್ಕು ಬರುತ್ತದೆ. ‘ರಾಷ್ಟ್ರ’ ಎಂಬ ಪದವನ್ನು ಕೊಟ್ಟರೆ ಏಳು ಸಂಕೇತ, ನಾಲ್ಕು ಗುಂಪು; ಮಗುವಿನ ಲೆಕ್ಕದಲ್ಲಿ ಎರಡೇ ಅಕ್ಷರ. ಗುಂಪಿನ ಲೆಕ್ಕದಿಂದ ಮಗುವಿನ ಲೆಕ್ಕಕ್ಕೆ ತಲುಪಿಸುವ ಸೇತುವೆಯೇ ನಮ್ಮ ಲೈಬ್ರರಿ. ಹಲಂತದಲ್ಲಿ ಮುಗಿಯುವ ಗುಂಪನ್ನು ಅದು ಮುಂದಿನ ವ್ಯಂಜನಕ್ಕೆ ಜೋಡಿಸುತ್ತದೆ.

ಈ ಸೇತುವೆಯ ಆಚೆಯ ದಡ ಸ್ಥಿರವಲ್ಲ. ಗುಂಪುಗಳನ್ನು ಗುರುತಿಸುವ ನಿಯಮ ಯೂನಿಕೋಡಿನದು. ಯೂನಿಕೋಡ್ ಪರಿಷ್ಕಾರಗೊಂಡಂತೆಲ್ಲ ಹೊಸ ರೂಬಿ ಆವೃತ್ತಿಗಳು ಅದನ್ನು ಅಳವಡಿಸಿಕೊಳ್ಳುತ್ತ ಹೋಗುತ್ತವೆ. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಒತ್ತಕ್ಷರಗಳನ್ನು ಒಡೆಯದೆ ಒಂದೇ ಗುಂಪಾಗಿ ಎಣಿಸುವ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ, ಈ ಆರು ಲಿಪಿಗಳಿಗೆ ಅದು ಅನ್ವಯಿಸಿತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಒಡಹುಟ್ಟಿದಂತಿರುವ ತೆಲುಗು ಲಿಪಿ ಒಳಗಿದ್ದು ಕನ್ನಡ ಹೊರಗುಳಿದುದನ್ನು ಕಂಡು ನಮ್ಮ ಸದಸ್ಯರೊಬ್ಬರು ಬಹಳ ನೊಂದುಕೊಂಡರು. ನೋವು ಸಹಜ. ಆದರೆ ಅನ್ಯಾಯವೆಂದು ಕೂಗುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಆ ಆವೃತ್ತಿ ಕರಡಾಗಿದ್ದಾಗ ಕನ್ನಡದ ಪದಗಳನ್ನು ಹಿಡಿದು ಪರೀಕ್ಷಿಸಿ, ಫಲಿತಾಂಶವನ್ನು ಬರೆದು ಕಳುಹಿಸುವ ಕೆಲಸವನ್ನು ನಮ್ಮ ಕೂಟ ಮಾಡಿತ್ತೆ? ಮಾಡಿರಲಿಲ್ಲ.

ಮುಂದೊಂದು ದಿನ ಕನ್ನಡವೂ ಆ ನಿಯಮದೊಳಗೆ ಬರಬಹುದು. ಆಗ ‘ನ್ನ’ ತಾನಾಗಿ ಒಂದೇ ಗುಂಪಾಗುತ್ತದೆ. ಅದು ಒಳ್ಳೆಯ ಸುದ್ದಿಯೇ. ಆದರೆ ಹಳೆಯ ಲೆಕ್ಕವನ್ನು ನಂಬಿ ಬರೆದ ನಮ್ಮ ಲೈಬ್ರರಿ ಆ ಹೊತ್ತಿಗೂ ಸರಿಯಾಗಿ ನಡೆಯುವುದೇ? ‘ಸಾಫ್ಟ್‌ವೇರ್’ ಎಂಬಲ್ಲಿ ಒತ್ತು ಬೀಳದಂತೆ ನಡುವೆ ಕೂರಿಸುವ ಅಗೋಚರ ಸಂಕೇತ ಏನಾಗುವುದು? ‘ರ‍್ಯಾಂಕ್’ ಎಂಬಲ್ಲಿ ಅರ್ಕಾವೊತ್ತು ಬಾರದಂತೆ ಬಳಸುವ ಇನ್ನೊಂದು ಅಗೋಚರ ಸಂಕೇತ ಏನಾಗುವುದು? ‘ಕೊ’ ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಎರಡು ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಎರಡೂ ಒಂದೇ ಎಂದು ಲೈಬ್ರರಿ ಒಪ್ಪುವುದೇ? ಈ ಪ್ರಶ್ನೆಗಳು ಮತ್ಸುಎಯಲ್ಲಿ ಕುಳಿತ ಎಂಜಿನಿಯರಿಗೆ ತಾವಾಗಿ ಹೊಳೆಯಲಾರವು. ಹೊಳೆಯಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಅವು ನಮಗೆ ಹೊಳೆಯಬೇಕು. ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವ ಮಾತು ಇದೇ: ಕನ್ನಡದ ಪರೀಕ್ಷೆಯನ್ನು ಕನ್ನಡಿಗರು ಮಾಡದಿದ್ದರೆ ಮತ್ತಾರೂ ಮಾಡುವುದಿಲ್ಲ.

ಜಪಾನೀಯರು ತಮ್ಮ ಲಿಪಿಯ ವಿಷಯದಲ್ಲಿ ನಡೆದುಕೊಂಡ ಬಗೆ ನಮಗೆ ಪಾಠವಾಗಬೇಕು. ಒಂದು ಸಂಕೇತಪದ್ಧತಿಯ ಬರಹವನ್ನು ಇನ್ನೊಂದರಲ್ಲಿ ತೆರೆದಾಗ ತೋರುವ ಅರ್ಥಹೀನ ಅಕ್ಷರಗಳಿಗೆ ಅವರಲ್ಲಿ ಮೊಜಿಬಾಕೆ ಎಂಬ ಪದವೇ ಇದೆ. ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪಿಸಿದ ನಮ್ಮ ಹಿಂದಿನ ಸಂಚಿಕೆಗಳನ್ನು ಇಂದು ತೆರೆದವರಿಗೆ ಅದರ ಅನುಭವ ಚೆನ್ನಾಗಿಯೇ ಇದೆ. ಹಲವು ಸಂಕೇತಪದ್ಧತಿಗಳ ನಡುವೆ ಬಾಳಿದ ಅನುಭವದಿಂದಲೇ ರೂಬಿ 1.9ರಲ್ಲಿ ಪ್ರತಿಯೊಂದು ಬರಹದ ತುಣುಕೂ ತನ್ನ ಸಂಕೇತಪದ್ಧತಿಯನ್ನು ತನ್ನೊಡನೆ ಹೊತ್ತು ನಡೆಯುವ ಏರ್ಪಾಟು ಬಂತು.

ಮತ್ತೊಂದು ನಿದರ್ಶನ ನಮ್ಮಲ್ಲಿ ಹಲವರು ಕಣ್ಣಾರೆ ಕಂಡದ್ದು. 2019ರ ಮೇ 1ರಂದು ಹೊಸ ಚಕ್ರವರ್ತಿಯ ಶಕೆ ಆರಂಭವಾಯಿತು. ಶಕೆಯ ಹೆಸರು ರೇವಾ ಎಂದು ಪ್ರಕಟವಾದದ್ದು ಏಪ್ರಿಲ್ 1ರಂದು. ಉಳಿದಿದ್ದದ್ದು ಒಂದೇ ತಿಂಗಳು. ಆದರೆ ಹೆಸರು ತಿಳಿಯುವ ಮೊದಲೇ ಆ ಕೂಡುಚಿಹ್ನೆಗೆ ಯೂನಿಕೋಡಿನಲ್ಲಿ ಸ್ಥಾನವನ್ನು ಕಾದಿರಿಸಲಾಗಿತ್ತು. ಏಪ್ರಿಲ್ 17ರಂದು ಹೊರಬಂದ ರೂಬಿ 2.6.3, ಯೂನಿಕೋಡ್ 12.1ರ ಪರೀಕ್ಷಾರ್ಥ ರೂಪವನ್ನೇ ಅಳವಡಿಸಿಕೊಂಡು ಹೊಸ ಶಕೆಗೆ ಸಿದ್ಧವಾಯಿತು. ಯೂನಿಕೋಡ್ 12.1 ಅಧಿಕೃತವಾಗಿ ಬಂದದ್ದು ಮೇ 7ರಂದು. ಅಂತಿಮ ರೂಪಕ್ಕಾಗಿ ಕಾದು ಕುಳಿತಿದ್ದರೆ ಶಕೆ ಆರಂಭವಾಗಿ ಒಂದು ವಾರ ಕಳೆದಿರುತ್ತಿತ್ತು. ತಮ್ಮ ಎರಡಕ್ಷರಕ್ಕಾಗಿ ಅವರು ಅಷ್ಟು ಎಚ್ಚರ ವಹಿಸಿದರು. ನಮ್ಮ ವರ್ಣಮಾಲೆಗಾಗಿ ನಾವು ಒಂದು ಸಂಜೆಯನ್ನು ನೀಡಲಾರೆವೇ?

ಇಲ್ಲಿ ಬರುವ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಮೊದಲನೆಯದು, ಸ್ವಯಂಸೇವಕರಿಗೆ ಬಿಡುವಿಲ್ಲ. ಹೊಸ ಆವೃತ್ತಿ ಬಂದು ನಾಲ್ಕಾರು ತಿಂಗಳು ಕಳೆದ ಮೇಲೆ ಏರಿಸಿದರಾಯಿತು ಎಂಬುದು. ಜಾಲತಾಣವನ್ನು ಏರಿಸುವ ವಿಷಯದಲ್ಲಿ ಈ ಮಾತು ನಿಜ. ಪ್ರಿವ್ಯೂ ಆವೃತ್ತಿಯನ್ನು ನಡೆಯುತ್ತಿರುವ ತಾಣದ ಮೇಲೆ ಹಾಕಬೇಕೆಂದು ನಾವು ಹೇಳುತ್ತಿಲ್ಲ, ಹಾಕಲೇಬಾರದು. ಪರೀಕ್ಷಿಸುವುದು ಬೇರೆ, ಏರಿಸುವುದು ಬೇರೆ. ಏರಿಸುವುದಕ್ಕೆ ಕಾಯಬಹುದು, ಪರೀಕ್ಷಿಸುವುದಕ್ಕೆ ಕಾಯಬಾರದು. ಕೊನೆಯವರೆಗೂ ಮುಂದೂಡುವುದಂತೂ ಸಾಧ್ಯವಿಲ್ಲ. ಒಂದು ಆವೃತ್ತಿಗೆ ಸುರಕ್ಷತೆಯ ತಿದ್ದುಪಡಿಗಳು ದೊರೆಯುವುದು ಸುಮಾರು ಮೂರು ವರ್ಷಗಳ ಕಾಲ ಮಾತ್ರ.

ಎರಡನೆಯ ಆಕ್ಷೇಪಣೆ, ಹೊಸ ಆವೃತ್ತಿಯಲ್ಲಿ ಲೈಬ್ರರಿ ಚಾಲನೆಗೊಳ್ಳದಂತೆ ಮೊದಲೇ ಮಿತಿ ಹಾಕಿಬಿಟ್ಟರೆ ಸುರಕ್ಷಿತವಲ್ಲವೇ ಎಂಬುದು. ನಮ್ಮ ಲೈಬ್ರರಿಯಲ್ಲಿಯೂ ಹಿಂದೆ ಅಂತಹ ಮಿತಿಯಿತ್ತು. ಅದು ಬಾಗಿಲಿಗೆ ಬೀಗ ಜಡಿದು ಮನೆ ಸ್ವಚ್ಛವಾಗಿದೆಯೆನ್ನುವಂತಹ ಕ್ರಮ. ಕೆಡದೇ ಇರುವ ಸಂಕೇತವೂ ಅದರಿಂದ ನಿಲ್ಲುತ್ತದೆ. ಪರೀಕ್ಷಿಸಲು ಮುಂದೆ ಬಂದವರಿಗೂ ಅದು ಅಡ್ಡಿ. ಕೆಳಗಿನ ಮಿತಿ ಇರಲಿ. ಮೇಲಿನ ಮಿತಿಯನ್ನು, ನಿಜವಾಗಿ ಕೆಟ್ಟಿರುವುದು ಖಚಿತವಾದ ಹೊರತು, ಹಾಕಬಾರದೆಂಬುದು ಈಗ ನಮ್ಮ ನಿಲುವು.

ಮೂರನೆಯದು, ಪರೀಕ್ಷೆ ವಿಫಲವಾದರೆ ಏನು ಮಾಡಬೇಕೆಂದು ತಿಳಿಯದು ಎಂಬ ಅಂಜಿಕೆ. ಇದಕ್ಕೆ ನಮ್ಮ ಅನುಭವದ ಉತ್ತರವಿದೆ. ಜನವರಿಯ ಪ್ರಸಂಗದ ನಂತರ ಲೈಬ್ರರಿಯ ಪರೀಕ್ಷೆಗಳನ್ನು 3.4ರಲ್ಲಿ ನಡೆಸಿದಾಗ ಕೆಂಪು ಸಾಲುಗಳು ತುಂಬಿಹೋದವು. ಗಾಬರಿಯಿಂದ ನೋಡಿದರೆ ಬಹುಪಾಲು ಒಂದೇ ಕಾರಣಕ್ಕೆ ಸೇರಿದ್ದವು: ಹ್ಯಾಶ್ ಎಂಬ ದತ್ತಾಂಶವನ್ನು ಮುದ್ರಿಸುವ ರೀತಿಯನ್ನು ರೂಬಿ ಬದಲಿಸಿತ್ತು, ಬಾಣದ ಗುರುತಿನ ಎರಡೂ ಬದಿಗೆ ಈಗ ಖಾಲಿ ಜಾಗ ಬರುತ್ತದೆ. ನಮ್ಮ ಪರೀಕ್ಷೆಗಳು ಉತ್ತರದ ಅರ್ಥವನ್ನು ಹೋಲಿಸದೆ ಮುದ್ರಿತ ರೂಪವನ್ನು ಹೋಲಿಸುತ್ತಿದ್ದವು. ಲೈಬ್ರರಿ ಸರಿಯಿತ್ತು, ಭಾಷೆಯೂ ಸರಿಯಿತ್ತು, ಪರೀಕ್ಷೆಯೇ ತಪ್ಪಾಗಿತ್ತು. ಆದ್ದರಿಂದ ವಿಫಲವಾದ ಪ್ರತಿಯೊಂದು ಪರೀಕ್ಷೆಯ ಮುಂದೆ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಬೇಕು. ನಮ್ಮ ಪರೀಕ್ಷೆ ತಪ್ಪೇ? ನಮ್ಮ ಲೈಬ್ರರಿ ತಪ್ಪೇ? ಇವೆರಡೂ ಅಲ್ಲವಾದರೆ ಮಾತ್ರ, ಭಾಷೆ ತಪ್ಪೇ? ಮೂರನೆಯ ಉತ್ತರಕ್ಕೆ ತಲುಪಿದವರು ವರದಿ ಬರೆಯಬೇಕು. ರೂಬಿಯ ದೋಷವರದಿಗಳನ್ನು ಇಂಗ್ಲಿಷಿನಲ್ಲಿಯೂ ಜಪಾನೀ ಭಾಷೆಯಲ್ಲಿಯೂ ಸ್ವೀಕರಿಸುತ್ತಾರೆ. ಸಾಧ್ಯವಾದಷ್ಟು ಚಿಕ್ಕ ಉದಾಹರಣೆ, ಹಳೆಯ ಆವೃತ್ತಿಯ ಉತ್ತರ, ಹೊಸ ಆವೃತ್ತಿಯ ಉತ್ತರ, ನಾವು ನಿರೀಕ್ಷಿಸಿದ್ದೇನೆಂಬ ಒಂದು ವಾಕ್ಯ, ಇಷ್ಟು ಸಾಕು.

ಇನ್ನು ನಮ್ಮ ಸಲಹೆಗಳು. ಒಂದು, ಲೈಬ್ರರಿಯ ಸ್ವಯಂಚಾಲಿತ ಪರೀಕ್ಷೆಗಳು ಈಗಿನ ಆವೃತ್ತಿಗಳಲ್ಲಿ ಮಾತ್ರವಲ್ಲದೆ, ಇನ್ನೂ ರೂಪುಗೊಳ್ಳುತ್ತಿರುವ ರೂಬಿಯಲ್ಲಿಯೂ ವಾರಕ್ಕೊಮ್ಮೆ ನಡೆಯುವಂತೆ ಏರ್ಪಡಿಸಬೇಕು. ಅಲ್ಲಿ ವಿಫಲವಾದರೆ ದಿನದ ಕೆಲಸ ನಿಲ್ಲಬಾರದು. ಆದರೆ ಒಬ್ಬರಿಗೆ ಸುದ್ದಿ ತಲುಪಬೇಕು. ಎರಡು, ಎಚ್ಚರಿಕೆಯ ಸಂದೇಶಗಳನ್ನು ತಿಂಗಳಿಗೊಮ್ಮೆ ಓದುವ ಹೊಣೆಯನ್ನು ಹೆಸರಿಟ್ಟು ಒಬ್ಬರಿಗೆ ವಹಿಸಬೇಕು. ಎಲ್ಲರ ಹೊಣೆಯೆಂದರೆ ಯಾರ ಹೊಣೆಯೂ ಅಲ್ಲವೆಂಬುದನ್ನು ನಾವು ಕಲಿತಿದ್ದೇವೆ. ಮೂರು, ನೋಂದಣಿಯ ಪಟ್ಟಿಯಲ್ಲಿ ಆಹಾರದ ಅಂಕಣವಿದ್ದರೆ ಅದು ತಪ್ಪದೆ ಮುದ್ರಣಕ್ಕೆ ಬರುವುದೆಂಬುದನ್ನೂ ಒಂದು ಪರೀಕ್ಷೆಯಾಗಿ ಬರೆದಿಡಬೇಕು.

ನಾಲ್ಕನೆಯದು ಎಲ್ಲ ಸದಸ್ಯ ಕುಟುಂಬಗಳಿಗೆ ಸೇರಿದ್ದು. ರಾಜ್ಯೋತ್ಸವದ ಮರುವಾರದ ಒಂದು ಸಂಜೆಯನ್ನು ಈ ಕೆಲಸಕ್ಕೆ ಮೀಸಲಿಡೋಣ. ಡಿಸೆಂಬರ್ ಬಂದರೆ ಕಚೇರಿಗಳ ವರ್ಷಾಂತ್ಯದ ಕೂಟಗಳಲ್ಲಿ ನಾವೆಲ್ಲರೂ ಮುಳುಗಿಹೋಗುತ್ತೇವೆ; ನವೆಂಬರಿನಲ್ಲಿ ಪ್ರಿವ್ಯೂ ಸಾಮಾನ್ಯವಾಗಿ ಕೈಯಲ್ಲಿರುತ್ತದೆ, ತಿದ್ದಲು ಸಮಯವೂ ಇರುತ್ತದೆ. ಪ್ರೋಗ್ರಾಮಿಂಗ್ ತಿಳಿಯದವರ ಪಾತ್ರ ಅಲ್ಲಿ ಚಿಕ್ಕದಲ್ಲ. ಪರೀಕ್ಷೆಗೆ ಬೇಕಾಗಿರುವುದು ತೊಡಕಿನ ಪದಗಳು. ನಮ್ಮ ಪಟ್ಟಿಯಲ್ಲಿ ಈಗಿರುವ ಪದಗಳೆಲ್ಲ ಎಂಜಿನಿಯರುಗಳಿಗೆ ಹೊಳೆದವು. ಊರಿನಿಂದ ಬಂದಿರುವ ಅಜ್ಜ ಅಜ್ಜಿಯರಿಗೆ, ತರಗತಿ ನಡೆಸುವ ತಾಯಂದಿರಿಗೆ, ಅಕ್ಷರ ತಪ್ಪಿ ಬರೆಯುವ ಮಕ್ಕಳಿಗೆ ಹೊಳೆಯುವ ಪದಗಳು ಬೇರೆಯೇ ಇರುತ್ತವೆ. ಪದದ ಜೊತೆಗೆ ಅದರಲ್ಲಿ ಎಷ್ಟು ಅಕ್ಷರಗಳಿವೆಯೆಂಬುದನ್ನು ಮಕ್ಕಳ ಲೆಕ್ಕದಲ್ಲಿ ಬರೆದುಕೊಟ್ಟರೆ ಅದೇ ಒಂದು ಪರೀಕ್ಷೆ.

ಮುಂದಿನ ಸಂಕ್ರಾಂತಿಗೆ ಎಳ್ಳುಬೆಲ್ಲದ ಪೊಟ್ಟಣ ಹಂಚುವವರ ಕೈಯಲ್ಲಿ ಪೂರ್ಣವಾದ ಪಟ್ಟಿಯಿರಬೇಕು. ಅದಕ್ಕಾಗಿ ಪ್ರತಿ ಕುಟುಂಬದಿಂದ ಐದು ಪದಗಳನ್ನೂ ಒಂದು ಸಂಜೆಯನ್ನೂ ಕೋರುತ್ತಿದ್ದೇವೆ. ಪದಗಳನ್ನು ತರಗತಿಯ ಪೆಟ್ಟಿಗೆಯಲ್ಲಿ ಹಾಕಬಹುದು. ಸಂಜೆಯ ಕಾಫಿ, ಕೋಡುಬಳೆಗಳ ವ್ಯವಸ್ಥೆ ನಮ್ಮದು.